ಮೂರರಿಂದ ಮಾತ್ರ

ಏಜೆಂಟು ಎಂದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ವಿಮೆಯೋ, ಬಾಡಿಗೆ ಮನೆಯೋ, ಹಳೆ ಕಾರೋ ಎಂದು ಮೊದಲು ಕಣ್ಣಲ್ಲೇ ಅಳೆದು ಆಮೇಲೆ ಬಾಯಿಬಿಟ್ಟು ಕೇಳುತ್ತಾರೆ. ಅವನು ಪ್ರತಿ ಸಲವೂ ತಾಳ್ಮೆಯಿಂದ, ಅದ್ಯಾವುದೂ ಅಲ್ಲ, ಪೇಟೆಂಟ್ ಏಜೆಂಟು, ಯಾರಾದರೂ ಹೊಸದೇನನ್ನಾದರೂ ಕಂಡುಹಿಡಿದರೆ ಅದು ಅವರದೇ ಎಂದು ಸರ್ಕಾರದಿಂದ ಹಕ್ಕು ಕೊಡಿಸುವ ಕೆಲಸ ಎಂದು ಬಿಡಿಸಿ ಹೇಳುತ್ತಿದ್ದ. ಕೇಳಿದವರು ಎಲ್ಲಕ್ಕೂ ತಲೆಯಾಡಿಸಿ, ಹಾಗಾದರೆ ಬಾಡಿಗೆ ಮನೆ ಮಾತ್ರ ನೋಡುವುದಿಲ್ಲ ಅನ್ನಿ ಎಂದು ನಿರಾಸೆಯಿಂದ ಹೊರಡುತ್ತಿದ್ದರು. ಹೆತ್ತ ತಾಯಿಯೇ ಸಾಯುವವರೆಗೂ ನೆರೆಮನೆಯವರ ಮುಂದೆ, ನಮ್ಮವನು ವಕೀಲರ ಹತ್ತಿರ ಇದ್ದಾನೆ ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಅದಕ್ಕೂ ಮೊದಲು ಅವನು ಡಾಕ್ಟರಾಗಿದ್ದ. ಅದೂ ಜನಕ್ಕೆ ಬೇಕಾದ ಡಾಕ್ಟರಲ್ಲ. ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮುಗಿಸಿ ಹೆಸರಿನ ಮುಂದೆ ಆ ಪದ ಅಂಟಿಸಿಕೊಂಡ ವಾರವೇ ಕೆಳಮನೆಯ ಅಜ್ಜಿ ಮಂಡಿನೋವು ಹೇಳಿಕೊಳ್ಳಲು ಮೆಟ್ಟಿಲು ಹತ್ತಿ ಬಂದಿದ್ದಳು. ನಾನು ಆ ಡಾಕ್ಟರಲ್ಲ ಅಜ್ಜಿ ಎಂದಾಗ, ಒಂದು ಮಾತ್ರೆ ಕೊಡಲೂ ಬಾರದವನಿಗೆ ಡಾಕ್ಟರು ಅಂತ ಬರೆದುಕೊಟ್ಟ ಪುಣ್ಯಾತ್ಮ ಯಾರೋ ಎಂದು ಗೊಣಗುತ್ತ, ಹತ್ತುವಾಗಿನದಕ್ಕಿಂತ ಜೋರಾಗಿ ಇಳಿದು ಹೋದಳು.

ಆ ಪದಕ್ಕಾಗಿ ಅವನು ಹರೆಯದ ಒಳ್ಳೆಯ ವರ್ಷಗಳನ್ನೆಲ್ಲ ಒಂದು ಉದ್ದನೆಯ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಕಳೆದಿದ್ದ. ಎರಡು ಸಿಂಕು, ಅದರಲ್ಲಿ ಒಂದು ಸದಾ ಸೋರುವುದು. ಗಾಜಿನ ಬಾಗಿಲಿನ ಬೀರುಗಳು. ಎಷ್ಟು ಉಜ್ಜಿದರೂ ಹೋಗದ ನೇರಳೆ ಕಲೆಗಳ ಮೇಜು. ನೀರಿನ ಮೇಲೆ ಎಣ್ಣೆ ಹೇಗೆ ಹರಡುತ್ತದೆ, ಎಷ್ಟು ತೆಳ್ಳಗಾದ ಮೇಲೆ ಹರಿದುಹೋಗುತ್ತದೆ ಎಂಬುದು ಅವನ ವಿಷಯ. ಮೇಜಿನ ಆಚೆ ಬದಿ ಕೂರುತ್ತಿದ್ದವಳ ವಿಷಯ ಮೇಣ. ಅವಳ ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. ಯಾರು ಏನು ಬರೆದರೂ ಅವಳಿಗೆ ತೋರಿಸಿಯೇ ಗೈಡಿಗೆ ಕೊಡುವುದು ಆ ಕೋಣೆಯ ರೂಢಿ. ಒಮ್ಮೆ ಇವನು ಎಣ್ಣೆಯ ಪೊರೆ ಬಹಳ ತೆಳ್ಳಗಿತ್ತು ಎಂದು ಬರೆದು ಕೊಟ್ಟ. "ಬಹಳ ಅಂದ್ರೆ ಎಷ್ಟು? ಅಳೆದಿದ್ದೀಯಾ? ಇಲ್ಲ ಅಂದ್ರೆ ಹೊಡೆದುಹಾಕು" ಎಂದು ಅವಳೇ ಹೊಡೆದುಹಾಕಿದಳು. ಮಿಕ್ಕವರು ಕಣ್ಣಿಗೋ ನಗುವಿಗೋ ಮರುಳಾಗುತ್ತಾರೆ. ಈ ಮಹಾಶಯ ಮರುಳಾದದ್ದು ತನ್ನ ಬರಹದ ಮೇಲೆ ಬಿದ್ದ ಕೆಂಪು ಗೆರೆಗಳಿಗೆ. ನೋಡಿದ್ದಷ್ಟನ್ನೇ ಹೇಳಬೇಕು, ಒಂದು ಗುಲಗಂಜಿಯಷ್ಟೂ ಹೆಚ್ಚು ಹೇಳಬಾರದು ಎಂಬುದು ಅವಳ ಹಟ. ಅಷ್ಟು ನೇರವಾದ ಮನುಷ್ಯರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಇಬ್ಬರೂ ಒಂದು ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು, ಮಧ್ಯಾಹ್ನ ಬಂದು ಅರ್ಧಕ್ಕೆ ನಿಲ್ಲಿಸಿದ್ದ ಪ್ರಯೋಗ ಮುಂದುವರಿಸಿದರು.

ಡಾಕ್ಟರೇಟು ಅವಳಿಗೂ ಸಿಕ್ಕಿತು. ಆದರೆ ಬೀದಿಯಲ್ಲಿ ಅವಳನ್ನು ಯಾರೂ ಡಾಕ್ಟರು ಎನ್ನಲಿಲ್ಲ. ಡಾಕ್ಟರ ಹೆಂಡತಿ ಎಂದರು.

ಆಮೇಲೆ ಸಂಸ್ಥೆಯಲ್ಲಿ ಒಂದೇ ಒಂದು ಕಾಯಂ ಹುದ್ದೆ ಬಿತ್ತು. ಇಬ್ಬರೂ ಅರ್ಜಿ ಹಾಕಿದರು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಸರದಿ ಕಾದರು. ಹುದ್ದೆ ಅವಳಿಗೆ ಹೋಯಿತು. ನ್ಯಾಯವಾಗಿಯೇ ಹೋಯಿತು, ಅವಳು ಅವನಿಗಿಂತ ಒಳ್ಳೆಯ ವಿಜ್ಞಾನಿ ಎಂಬುದರಲ್ಲಿ ಅವನಿಗೇ ಸಂಶಯವಿರಲಿಲ್ಲ. ಕೋಣೆಯವರಿಗೆಲ್ಲ ಸಿಹಿ ಹಂಚಿದವನೂ ಅವನೇ. ಹಂಚುವಾಗ ಮುಖ ನಗುತ್ತಿತ್ತು, ಹೊಟ್ಟೆಯೊಳಗೆ ಮಾತ್ರ ಒಂದು ಮುಳ್ಳು ಮುರಿದು ಕೂತಿತು. ಅದನ್ನು ಅವನು ಯಾರಿಗೂ ತೋರಿಸಲಿಲ್ಲ, ತಾನೂ ನೋಡಲು ಹೋಗಲಿಲ್ಲ. ಒಂದೆರಡು ವರ್ಷ ವರ್ಷಕ್ಕೊಮ್ಮೆ ನವೀಕರಿಸುವ ತಾತ್ಕಾಲಿಕ ಕೆಲಸದಲ್ಲಿ ನೇತಾಡಿದ. ಮುಂದಿನ ವರ್ಷ ನೋಡೋಣ ಎಂದು ಗೈಡು ಹೇಳುತ್ತಲೇ ಇದ್ದರು. ಕೊನೆಗೆ ಒಂದು ದಿನ ನೋಡೋಣ ಎನ್ನುವುದನ್ನೂ ಬಿಟ್ಟು, ಬೆನ್ನು ತಟ್ಟಿ ಬಾಗಿಲು ತೋರಿಸಿದರು.

ವಿಜ್ಞಾನ ಓದಿದವರು ಬೇಕಾಗಿದ್ದಾರೆ, ಬರೆಯಲು ಬಂದರೆ ಸಾಕು ಎಂಬ ಜಾಹೀರಾತು ಹಿಡಿದು ಅವನು ಹೋದದ್ದು ಕನ್ನಡಕದಂಗಡಿಯ ಮೇಲಿದ್ದ ಎರಡು ಕೋಣೆಗಳ ಆಫೀಸಿಗೆ. ಗೋಡೆ ಕಾಣದಷ್ಟು ಫೈಲು. ಕಿಟಕಿಗೂ ಅಡ್ಡಲಾಗಿ ಫೈಲು. ಅವುಗಳ ನಡುವೆ ಆಫೀಸಿನ ಯಜಮಾನರು. ಬೋಳುತಲೆ, ಅದರ ಮೇಲೆ ಅತ್ತಿತ್ತ ಓಡಾಡುವ ನಾಲ್ಕಾರು ಕೂದಲು. ಅವರು ಓದಿದ್ದೆಷ್ಟು, ಅಂಕವೆಷ್ಟು ಎಂದು ಒಂದನ್ನೂ ಕೇಳಲಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದು ಅವನ ಮುಂದಿಟ್ಟು, ಇದನ್ನು ಜಗತ್ತಿನಲ್ಲಿ ಮೊದಲ ಸಲ ನೀನೇ ಮಾಡಿದ್ದೀಯಾ ಅಂದುಕೋ, ಬೇರೆ ಯಾರೂ ಮಾಡಿಕೊಳ್ಳದ ಹಾಗೆ ಒಂದೇ ವಾಕ್ಯದಲ್ಲಿ ಬರೆ ಎಂದರು.

ಅವನು ಕೆಂಪು ಪೆನ್ಸಿಲಿನ ಗರಡಿಯಲ್ಲಿ ಪಳಗಿದವನು. ಬಾಚಣಿಗೆಯನ್ನು ಸ್ಕೇಲಿಟ್ಟು ಅಳೆದ, ಹಲ್ಲುಗಳನ್ನು ಎಣಿಸಿದ, ಇಂತಿಷ್ಟು ಉದ್ದದ, ಇಂತಿಷ್ಟು ಹಲ್ಲುಗಳುಳ್ಳ, ಕಪ್ಪು ಪ್ಲಾಸ್ಟಿಕ್ಕಿನ ಸಾಧನ ಎಂದು ಬರೆದು ಹೆಮ್ಮೆಯಿಂದ ಕೊಟ್ಟ. ಯಜಮಾನರು ಓದಿದರು. ಬಾಚಣಿಗೆಯ ಒಂದು ಹಲ್ಲನ್ನು ಪಟಕ್ಕೆಂದು ಮುರಿದು ಕಸದ ಬುಟ್ಟಿಗೆ ಎಸೆದರು. ಉಳಿದದ್ದರಲ್ಲಿ ತಮ್ಮ ನಾಲ್ಕು ಕೂದಲನ್ನು ನಿಧಾನವಾಗಿ ಬಾಚಿಕೊಂಡರು.

"ನೋಡಪ್ಪಾ, ಈಗ ಇದು ನಿನ್ನ ಬಾಚಣಿಗೆ ಅಲ್ಲ. ನಂದು. ನಾಳೆಯಿಂದ ಮಾರ್ತೀನಿ, ನೀನು ಬಾಯಿ ಮುಚ್ಕೊಂಡು ನೋಡ್ತಿರ್ಬೇಕು."

ಅವನ ಮುಖ ಕೆಂಪಾಯಿತು. ಆ ಒಂದು ವಾಕ್ಯಕ್ಕೆ ಕ್ಲೇಮು ಎನ್ನುತ್ತಾರೆ ಎಂದು ಯಜಮಾನರು ವಿವರಿಸಿದರು. ಅದು ಬೇಲಿ. ಲ್ಯಾಬಿನಲ್ಲಿ ನಿನಗೆ ಇರುವಷ್ಟೇ ಹೇಳುವುದು ಕಲಿಸಿದ್ದಾರೆ, ಅದು ಅಲ್ಲಿಗೆ ಸರಿ. ಇಲ್ಲಿ ಸುಳ್ಳು ಹೇಳಬಾರದು, ಆದರೆ ಬೇಲಿಯನ್ನು ಮನೆಯ ಗೋಡೆಗೇ ಅಂಟಿಸಬಾರದು, ಕಾಲಾಡಿಸಲು ಜಾಗ ಬಿಟ್ಟು ಹಾಕಬೇಕು. ಕಂಡುಹಿಡಿದವರು ತಾವು ಮಾಡಿದ್ದನ್ನೇ ಹಿಡಿದುಕೊಂಡು ಅಷ್ಟೇ ಬರೆಯಿರಿ ಎಂದು ಗೋಗರೆಯುತ್ತಾರೆ, ವಿಜ್ಞಾನಿಗಳಾದರಂತೂ ಮುಗಿದೇ ಹೋಯಿತು. ಅವರಿಗೆ ಬೇಡ ಎಂದು ಹೇಳುವುದಕ್ಕೇ ನಾವು ಇರುವುದು. ಬರೆಯಲು ಯಾರಾದರೂ ಬರೆಯುತ್ತಾರೆ. ಹೀಗೆ ಹೇಳಿ ಅವನನ್ನು ಕೆಲಸಕ್ಕೆ ಇಟ್ಟುಕೊಂಡರು.

ಕಲಿಯುವುದಕ್ಕಿಂತ ಮರೆಯುವುದೇ ಕಷ್ಟವಾಯಿತು. ಬರೆದದ್ದೆಲ್ಲ ವಾಪಸು ಬರುತ್ತಿತ್ತು. 'ಇಷ್ಟರಿಂದಾದ' ಎಂದು ಬರೆದರೆ ಯಜಮಾನರು 'ಒಳಗೊಂಡ' ಎಂದು ತಿದ್ದುತ್ತಿದ್ದರು. ಮೊದಲನೆಯದು ಬಾಗಿಲು ಹಾಕುವ ಪದ, ಎರಡನೆಯದು ತೆರೆದಿಡುವ ಪದ. ಹೀಗೆ ನೂರೆಂಟು. ಅವನು ಹಲ್ಲು ಕಚ್ಚಿ ಓದಿದ, ಸರ್ಕಾರದ ಪರೀಕ್ಷೆಗೆ ಕೂತ, ಒಮ್ಮೆ ಡುಮ್ಕಿ ಹೊಡೆದು ಮರುಸಲ ಪಾಸಾದ. ಪಾಸಾದ ದಿನ ಯಜಮಾನರು ಆ ಮುರುಕು ಬಾಚಣಿಗೆಯನ್ನೇ ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟರು. ವರ್ಷ ಕಳೆದಂತೆ ಅವನು ಆ ವೃತ್ತಿಯಲ್ಲಿ ಎತ್ತಿದ ಕೈ ಎನಿಸಿಕೊಂಡ. ಅವನು ಹಾಕಿದ ಬೇಲಿಗೆ ಕಿಂಡಿ ಹುಡುಕುವುದು ತಲೆಕೆಳಗಾಗಿ ನಿಂತರೂ ಆಗದು ಎಂದು ಎದುರು ಪಕ್ಷದವರೇ ಹೇಳುತ್ತಿದ್ದರು. ಯಜಮಾನರು ನಿವೃತ್ತರಾಗುವ ಹೊತ್ತಿಗೆ ಅವರ ಕುರ್ಚಿಯೂ ಅವನದಾಯಿತು.

ಇಷ್ಟಾದರೂ ಹೆಂಡತಿಯ ಸಂಸ್ಥೆಯ ಸಮಾರಂಭಗಳಿಗೆ ಹೋದಾಗ ಅವನು ಬಾಗಿಲ ಬಳಿಯ ಕುರ್ಚಿಯನ್ನೇ ಹುಡುಕುತ್ತಿದ್ದ. ಹಳೆಯ ಸಹಪಾಠಿಗಳು ಹೆಗಲ ಮೇಲೆ ಕೈಹಾಕಿ, ಸೈನ್ಸು ಪೂರ್ತಿ ಬಿಟ್ಟೇಬಿಟ್ರಾ ಎಂದು ಮರುಕದಿಂದ ಕೇಳುವರು. ಹೊಸಬರಿಗೆ, ಇವರು ಮೇಡಮ್ಮನವರ ಯಜಮಾನರು, ಹಿಂದೆ ಇಲ್ಲೇ ಇದ್ದರು ಎಂದು ಪರಿಚಯಿಸುವರು. ಹಿಂದೆ ಎಂಬ ಆ ಪದ ಕೇಳಿದಾಗಲೆಲ್ಲ ಒಳಗಿನ ಮುಳ್ಳು ತಾನಿನ್ನೂ ಇದ್ದೇನೆಂದು ಚುಚ್ಚಿ ಹೇಳುತ್ತಿತ್ತು.

ಅವಳು ಆ ವರ್ಷಗಳಲ್ಲೆಲ್ಲ ಟೊಮೇಟೊ ಕೊಳೆಸುತ್ತಿದ್ದಳು. ಕಿಟಕಿಯಿಲ್ಲದ ಕೋಣೆಯಲ್ಲಿ ತಟ್ಟೆಗಟ್ಟಲೆ ಹಣ್ಣು, ಒಂದೊಂದಕ್ಕೂ ಒಂದೊಂದು ಬಗೆಯ ಲೇಪ. ಯಾವುದು ಯಾವಾಗ ಸುಕ್ಕಾಯಿತು, ಯಾವುದಕ್ಕೆ ಬೂಸು ಹಿಡಿಯಿತು ಎಂದು ನೋಡುವುದೇ ಕೆಲಸ. ಕೂದಲಿಗೆ ಅಂಟಿದ ಕೊಳೆತ ಹಣ್ಣಿನ ವಾಸನೆ ರಜೆಯ ದಿನವೂ ಹೋಗುತ್ತಿರಲಿಲ್ಲ. ಕೊನೆಗೆ ಒಂದು ಲೇಪ ನಿಂತಿತು. ಒಂದು ಬೀಜದ ಅಂಟು, ಜೇನುಮೇಣ, ನಿಂಬೆಹುಳಿಯ ಆಮ್ಲ, ಈ ಮೂರನ್ನು ಒಂದು ಹದದಲ್ಲಿ ಕಲಸಿ ಅದ್ದಿ ತೆಗೆದರೆ ಕಡುಬೇಸಿಗೆಯಲ್ಲೂ ಫ್ರಿಜ್ಜಿನ ಹಂಗಿಲ್ಲದೆ ಹಣ್ಣು ನೆಟ್ಟಗೆ ಉಳಿಯುತ್ತಿತ್ತು. ಜಗತ್ತಿನಲ್ಲಿ ಮಿಕ್ಕವರೆಲ್ಲ ಎಂಟು ಹತ್ತು ವಸ್ತು ಬೆರೆಸಿ ಒದ್ದಾಡುತ್ತಿದ್ದಲ್ಲಿ ಇವಳದು ಮೂರೇ. ಮನೆಗೆ ಬಂದು ಅಡುಗೆಕಟ್ಟೆಯ ಮೇಲೆ ಹಳೆಯದೊಂದು ಟೊಮೇಟೊ ಇಟ್ಟು, ಕತ್ತರಿಸಿ ಅವನ ಬಾಯಿಗೆ ತುರುಕಿ, ಅವನು ಚಪ್ಪರಿಸುವುದನ್ನು ನೋಡುತ್ತ ನಿಂತಳು. ಅಷ್ಟು ಸಂತೋಷವಾಗಿ ಅವಳನ್ನು ಅವನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸಂಸ್ಥೆಯ ಮುಖ್ಯಸ್ಥರಿಗೆ ಟೊಮೇಟೊ ತಮಾಷೆಯಾಗಿ ಕಂಡಿತು. ನಮಗೆ ಬೇಡ, ಬೇಕಾದರೆ ನಿಮ್ಮ ಹೆಸರಲ್ಲೇ ಪೇಟೆಂಟ್ ಮಾಡಿಸಿಕೊಳ್ಳಿ ಎಂದು ಬರೆದುಕೊಟ್ಟು ಕೈತೊಳೆದುಕೊಂಡರು. ಗಂಡನೇ ಏಜೆಂಟು, ಇನ್ನೇನು ಬೇಕು ಎಂದು ಎಲ್ಲರೂ ಅಂದರು. ನಿವೃತ್ತರಾಗಿದ್ದ ಆಫೀಸಿನ ಯಜಮಾನರು ಮಾತ್ರ ಸುದ್ದಿ ಕೇಳಿ ಫೋನ್ ಮಾಡಿ, ಮನೆಯವರ ಕೆಲಸ ಕೈಗೆ ತಗೋಬೇಡ, ಬೇರೆ ಯಾರಿಗಾದರೂ ಕೊಡು, ಹೆಂಡತಿಗೆ ಬೇಡ ಅನ್ನೋ ಧೈರ್ಯ ನಿನಗಿಲ್ಲ ಎಂದು ನೇರವಾಗಿ ಹೇಳಿದರು. ಅವನು ನಕ್ಕು ಕಿವಿಯ ಮೇಲೆ ಹಾಕಿಕೊಳ್ಳದೆ ಬಿಟ್ಟ. ಅವಳ ಜೀವಮಾನದ ಕೆಲಸಕ್ಕೆ ಕಾವಲು ಕಟ್ಟುವವನು ತಾನೇ ಆಗಬೇಕೆಂಬ ಆಸೆ ಅವನಿಗೆ. ಆಗಲಾದರೂ ಲ್ಯಾಬಿನ ಆ ಕೋಣೆಯ ಕೆಲಸದಲ್ಲಿ ತನ್ನದೂ ಒಂದು ಪಾಲಿರುತ್ತದೆ ಎಂಬ ಇನ್ನೊಂದು ಆಸೆ ಅದರ ಕೆಳಗೆ ಅಡಗಿ ಕೂತಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ ಅವನು ಕರಡು ಹರಡಿದ. ಮೊದಲ ಕ್ಲೇಮು, ಈ ಮೂರು ವಸ್ತುಗಳನ್ನು ಒಳಗೊಂಡ ಲೇಪ ಎಂದು ಅಗಲವಾಗಿ. ಅದರ ಕೆಳಗೆ ಎರಡನೆಯದು, ಈ ಮೂರರಿಂದ ಮಾತ್ರ ಆದ ಲೇಪ ಎಂದು ಬಿಗಿಯಾಗಿ. ಮೇಲಿನದು ಬಿದ್ದರೆ ಕೆಳಗಿನದು ಕೈಹಿಡಿಯುತ್ತದೆ. ನಿನ್ನೆ ಮೊನ್ನೆ ಪಾಸಾದ ಏಜೆಂಟನೂ ಹೀಗೆಯೇ ಬರೆಯುತ್ತಾನೆ. ಅವಳು ಓದಿದಳು. ಕೈ ತಾನಾಗಿ ಕಿವಿಯ ಸಂದಿಗೆ ಹೋಯಿತು.

"ಒಳಗೊಂಡ ಅಂದ್ರೆ?"

"ಈ ಮೂರು ಇರ್ಬೇಕು. ಜೊತೆಗೆ ಇನ್ನೇನಿದ್ರೂ ನಿಂದೇ."

"ಯಾರೋ ಸೀಮೆಎಣ್ಣೆ ಹಾಕಿದ್ರೂ?"

"ಹಾಕಿದ್ರೂ."

"ಸೀಮೆಎಣ್ಣೆ ಹಾಕಿ ನಾನು ನೋಡಿಲ್ಲ. ನೋಡದೇ ಇದ್ದದ್ದನ್ನ ನಂದು ಅಂತ ಹೇಗೆ ಹೇಳ್ಲಿ?"

ಅವನು ಬೇಲಿಯ ವಿಷಯ ಹೇಳಿದ, ಬಾಚಣಿಗೆಯ ಕತೆ ಹೇಳಿದ. ಅವಳು ನಕ್ಕಳು, ಒಪ್ಪಲಿಲ್ಲ. ಅವಳ ವಾದ ಸರಳವಾಗಿತ್ತು. ಎಲ್ಲರೂ ಹತ್ತು ಹಾಕಿ ಮಾಡುವುದನ್ನು ಮೂರರಲ್ಲಿ ಮಾಡಬಹುದು ಎನ್ನುವುದೇ ತಾನು ಕಂಡದ್ದು, ಮತ್ತೇನಿದ್ದರೂ ನಡೆಯುತ್ತದೆ ಎಂದು ಬರೆದರೆ ತಾನು ಕಂಡದ್ದಕ್ಕೇ ಮಸಿ ಬಳಿದ ಹಾಗೆ. ಮೂರರಿಂದ ಮಾತ್ರ ಎಂಬ ಸಾಲು ಸಾಕು, ಮೇಲಿನದನ್ನು ಹೊಡೆದುಹಾಕು ಎಂದಳು. ಅವನು ಇನ್ನೊಮ್ಮೆ ವಿವರಿಸಿದ, ಮತ್ತೊಮ್ಮೆ ವಿವರಿಸಿದ. ಧ್ವನಿ ಏರಿತು. ಆಗ ಅವಳು ಪೆನ್ಸಿಲ್ ಮೇಜಿನ ಮೇಲಿಟ್ಟು, ಜಗಳವಾಡುವ ಸ್ವರದಲ್ಲಲ್ಲ, ಸಮಾಧಾನ ಮಾಡುವ ಸ್ವರದಲ್ಲಿ ಹೇಳಿದಳು.

"ಹೋಗ್ಲಿ ಬಿಡು. ನೀನು ಲ್ಯಾಬ್ ಬಿಟ್ಟು ಎಷ್ಟು ವರ್ಷ ಆಯ್ತು. ಇದೆಲ್ಲ ನಿಂಗೀಗ ಹೇಗೆ ಗೊತ್ತಾಗ್ಬೇಕು."

ಅದು ಸರಿಯಾಗಿ ಮುಳ್ಳಿನ ಮೇಲೆಯೇ ಬಿತ್ತು. ಪೆನ್ನು ತೆಗೆದು ಮೇಲಿನ ಕ್ಲೇಮನ್ನು ಅಡ್ಡಕ್ಕೆ ಹೊಡೆದ. ಕೆಳಗಿನದಕ್ಕೆ ಒಂದು ಎಂದು ನಂಬರು ಕೊಟ್ಟ. ನಾನೂ ವಿಜ್ಞಾನಿಯೇ, ಇಗೋ ನೋಡು ಎಂದು ಬಾಯಲ್ಲಿ ಹೇಳಲಿಲ್ಲ ಅಷ್ಟೇ. ಅವಳು ಖುಷಿಯಾಗಿ ಚಹಾ ಮಾಡಲು ಎದ್ದಳು. ಪರರ ಕೆಲಸದಲ್ಲಿ ಹೀಗೆ ಮಾಡಿದ್ದರೆ ತನ್ನ ಲೈಸೆನ್ಸನ್ನು ತಾನೇ ಹರಿದು ಬಿಸಾಡಬೇಕಾಗಿತ್ತು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಹಾಗೆಯೇ ಸಲ್ಲಿಸಿ ಬಂದ.

ಪೇಟೆಂಟ್ ಸಿಕ್ಕಿತು, ಸುಲಭವಾಗಿಯೇ ಸಿಕ್ಕಿತು. ಅಷ್ಟು ಕಿರಿದಾದ ಬೇಲಿಗೆ ತಕರಾರು ಮಾಡುವವರು ಯಾರು? ಹಣ್ಣು ತರಕಾರಿ ಸಾಗಿಸುವ ಒಂದು ಕಂಪನಿಯವರು ಮನೆಗೇ ಬಂದರು. ಲೇಪ ತಯಾರಿಸುತ್ತೇವೆ, ನಿಮ್ಮನ್ನೇ ಮುಖ್ಯಸ್ಥರಾಗಿ ಇಟ್ಟುಕೊಳ್ಳುತ್ತೇವೆ, ಡಬ್ಬಿಯ ಮೇಲೆ ನಿಮ್ಮ ಹೆಸರೂ ಇರಲಿ ಎಂದರು. ನಯವಾದ ಮಾತು, ಅದಕ್ಕಿಂತ ನಯವಾದ ನಗು. ಅವಳು ಒಂದು ಚೀಲದಷ್ಟು ಮಾದರಿ ಕೊಟ್ಟಳು, ಹದ ಹೇಳಿಕೊಟ್ಟಳು, ಪೇಟೆಂಟೇ ಇದೆಯಲ್ಲ ಎಂಬ ಧೈರ್ಯದಲ್ಲಿ ಕರಾರುಪತ್ರಕ್ಕೂ ಕಾಯದೆ, ಏನನ್ನೂ ಮುಚ್ಚಿಡಲಿಲ್ಲ. ಆ ಧೈರ್ಯದಲ್ಲೇ ಸಂಸ್ಥೆಯ ಕಾಯಂ ಕೆಲಸಕ್ಕೂ ರಾಜೀನಾಮೆ ಬರೆದಳು. ಸ್ವಲ್ಪ ಕಾಯೋಣ ಎಂದು ಅವನು ಅರ್ಧ ಬಾಯಲ್ಲಿ ಹೇಳಿದ. ಯಾಕೆ ಕಾಯಬೇಕು ಎಂದು ಕೇಳಿದಾಗ ಕಾರಣ ಹೇಳದೆ ಮಾತು ಬೇರೆ ಕಡೆ ತಿರುಗಿಸಿದ.

ಕಂಪನಿಯವರ ಫೋನುಗಳು ಕಡಿಮೆಯಾದವು, ಆಮೇಲೆ ನಿಂತವು. ಮಳೆಗಾಲ ಕಳೆಯುವಷ್ಟರಲ್ಲಿ ಲೇಪ ಅಂಗಡಿಗೆ ಬಂತು. ಡಬ್ಬಿಯ ಮೇಲೆ ಅವಳ ಹೆಸರಿರಲಿಲ್ಲ. ಅವಳು ಡಬ್ಬಿ ತಂದು ಅಡುಗೆಮನೆಯಲ್ಲೇ ಒಲೆ, ಬಟ್ಟಲು, ಸೋಸುಬಟ್ಟೆ ಇಟ್ಟುಕೊಂಡು ಬಿಡಿಸಿ ನೋಡಿದಳು. ಅದೇ ಅಂಟು, ಅದೇ ಮೇಣ, ಅದೇ ಆಮ್ಲ, ಅದೇ ಹದ. ಜೊತೆಗೆ ಒಂದು ಚಿಟಿಕೆ ಅಡುಗೆ ಉಪ್ಪು. ಉಪ್ಪು ಯಾಕೆ ಹಾಕಿದ್ದಾರೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಉಪ್ಪು ಹಾಕಿ, ಹಾಕದೆ, ಹೆಚ್ಚು ಹಾಕಿ, ಕಡಿಮೆ ಹಾಕಿ ಪ್ರಯೋಗ ಮಾಡಿದಳು. ಅದು ಲೇಪದಲ್ಲಿ ಏನೂ ಮಾಡುತ್ತಿರಲಿಲ್ಲ.

"ಈ ಉಪ್ಪಿಗೆ ಏನೂ ಕೆಲಸ ಇಲ್ವಲ್ಲ" ಎಂದು ಅವಳು ಆಶ್ಚರ್ಯದಿಂದ ಅವನನ್ನು ಕೇಳಿದಳು.

ಕೆಲಸ ಇತ್ತು. ಮೂರನ್ನು ನಾಲ್ಕು ಮಾಡುವ ಕೆಲಸ. ಅವನು ಅದನ್ನು ಹೇಳಬೇಕಾಯಿತು, ಸ್ಟೂಲಿನ ಮೇಲೆ ಕೂತು, ಒಲೆಯ ಕಡೆ ನೋಡುತ್ತ. ಮೂರರಿಂದ ಮಾತ್ರ ಎಂದು ಬರೆದ ಮೇಲೆ ನಾಲ್ಕನೆಯದು ಒಂದು ಹರಳು ಬಿದ್ದರೂ ಅದು ನಮ್ಮ ಬೇಲಿಯ ಆಚೆಗೆ. ಅವಳು ಒಲೆ ಆರಿಸಿದಳು. ಇಬ್ಬರೇ ಇದ್ದಾಗ ನೀನು, ಅತ್ತೆಯ ಮುಂದೆ ನೀವು ಎನ್ನುವುದು ಮದುವೆಯಾದಾಗಿನಿಂದ ಅವಳ ರೂಢಿ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು, ಅಡುಗೆಮನೆಯಲ್ಲಿ ಇದ್ದದ್ದು ಅವರಿಬ್ಬರೇ.

"ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀರಿ. ಊರಿನವರಿಗೆಲ್ಲ ಬೇಲಿ ಹಾಕಿದ್ರಿ. ನನಗೆ ಇದೊಂದು ಪದ ಬರ್ದು ಕೊಟ್ರಿ."

ನೀನೇ ಬರೆಸಿದ್ದು ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಅವಳು ಮರೆತಿರಬೇಕು ಎಂದುಕೊಂಡ. ಈಗ ನೆನಪಿಸಿದರೆ ಬಿದ್ದವಳನ್ನು ಒದ್ದ ಹಾಗಾಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡ. ಅಂದಿನಿಂದ ಮನೆಯಲ್ಲಿ ತನ್ನನ್ನು ತಾನು ತ್ಯಾಗಿ ಎಂದು ಭಾವಿಸಿಕೊಂಡು ಓಡಾಡಿದ. ಈ ಭಾವನೆ ಅವನಿಗೆ ಒಂದಿಷ್ಟು ಹಿತವಾಗಿಯೂ ಇತ್ತು ಎನ್ನುವುದನ್ನು ಮುಚ್ಚಿಡುವಂತಿಲ್ಲ.

ಅವಳು ಹಿಡಿದ ವಕೀಲೆ ಒಂದು ದಾರಿ ಹುಡುಕಿದಳು. ಬರೆಯುವಾಗ ಕೈತಪ್ಪಿ ಬಿದ್ದ ಪದವನ್ನು ತಿದ್ದಲು ಕಾನೂನಿನಲ್ಲಿ ಅವಕಾಶವಿದೆ. ವಿವರಣೆಯ ಭಾಗದಲ್ಲಿ ಒಂದೆರಡು ಕಡೆ ಒಳಗೊಂಡ ಎಂದೇ ಉಳಿದುಕೊಂಡಿದೆ, ಅದೇ ನಮಗೆ ಆಧಾರ. 'ಮಾತ್ರ' ಎಂಬುದು ಟೈಪು ಮಾಡುವಾಗ ಆದ ತಪ್ಪು ಎಂದು, ಅದನ್ನು ಬರೆದ ಏಜೆಂಟೇ ಬಂದು ಪೇಟೆಂಟ್ ಕಚೇರಿಯ ಅಧಿಕಾರಿಯ ಮುಂದೆ ಹೇಳಬೇಕು, ಅಷ್ಟು ಹೇಳಿದರೆ ಅರ್ಧ ಗೆದ್ದಂತೆ ಎಂದಳು. ಹೆಂಡತಿ ಅವನ ಕಡೆ ತಿರುಗಲಿಲ್ಲ. ಗುಲಗಂಜಿಯಷ್ಟೂ ಹೆಚ್ಚು ಹೇಳಬಾರದು ಎಂದು ಬದುಕಿಡೀ ಹಟ ಹಿಡಿದವಳು ವಕೀಲೆಯ ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನು ಸಾಲಾಗಿ ಜೋಡಿಸುತ್ತ, ಹೇಳ್ತಾರೆ ಬಿಡಿ ಎಂದಳು. ಅವನು ಹೂಂ ಎಂದ. ಮನಸಾರೆಯೇ ಹೂಂ ಎಂದ.

ವಿಚಾರಣೆಯ ಕೋಣೆ ಚಿಕ್ಕದು. ಉದ್ದ ಮೇಜು, ಮುಚ್ಚಳವಿಟ್ಟ ನೀರಿನ ಜಗ್ಗು, ಕಟಕಟ ಎನ್ನುವ ಫ್ಯಾನು, ಕಿಟಕಿಯಾಚೆ ಪಾರಿವಾಳಗಳ ಗೊಣಗು. ಅಧಿಕಾರಿಗೆ ನೆಗಡಿಯಾಗಿತ್ತು. ಮೇಜಿನ ಆಚೆ ಕಂಪನಿಯ ಪರವಾಗಿ ಕೂತಿದ್ದ ಏಜೆಂಟ ಒಂದು ಕಾಲಕ್ಕೆ ಇವನ ಪಕ್ಕದಲ್ಲೇ ಕೂತು ಕೆಲಸ ಕಲಿತವನು. 'ಒಳಗೊಂಡ' ಎಂಬುದಕ್ಕೂ 'ಮಾತ್ರ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಅವನಿಗೆ ಕಲಿಸಿದ್ದು ಇವನೇ, ಕಿಂಡಿ ಕಂಡು ಉಪ್ಪು ಹಾಕಿಸಿದ್ದು ಅವನೇ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಅವನು ಎದ್ದು ನಿಂತು, ಇಷ್ಟು ಅನುಭವವಿರುವ ಗುರುಗಳು ಎರಡನೇ ಕ್ಲಾಸಿನ ಹುಡುಗನೂ ಮಾಡದ ಇಂಥ ತಪ್ಪು ಮಾಡಿದ್ದಾರೆಂದು ನಂಬಲು ತನಗೆ ಬಹಳ ಕಷ್ಟವಾಗುತ್ತಿದೆ ಎಂದು ವಿನಯದಿಂದ ಕೈಕಟ್ಟಿ ಹೇಳಿದ. ಅವನ ತುಟಿಯ ಕೊನೆಯಲ್ಲೊಂದು ನಗು ಇತ್ತು.

ಅಧಿಕಾರಿ ಮೂಗೊರೆಸಿಕೊಂಡು ಇವನತ್ತ ತಿರುಗಿದರು. ಒಳ್ಳೆಯ ಮನುಷ್ಯ. ಉತ್ತರವನ್ನು ತಾವೇ ಕೈಗೆ ಕೊಡುವಂತೆ ಕೇಳಿದರು.

"ಕೈತಪ್ಪಿ ಆಗಿರ್ಬಹುದು, ಅಲ್ವಾ?"

ಹೌದು ಎನ್ನಬೇಕಾಗಿತ್ತು, ಅಷ್ಟೇ. ಅವನು ಬಾಯಿ ತೆರೆದ. ಎದುರಿಗಿದ್ದವನ ನಗು ಕಾಣಿಸಿತು. ನಾಳೆ ಊರಿನ ಏಜೆಂಟರೆಲ್ಲ ಚಹಾ ಕುಡಿಯುತ್ತ, ಅವನಿಗೆ 'ಮಾತ್ರ' ಎಂಬುದರ ಅರ್ಥವೇ ಗೊತ್ತಿರಲಿಲ್ಲವಂತೆ ಎಂದು ಆಡಿಕೊಳ್ಳುವುದು ಕೇಳಿಸಿತು. ಲ್ಯಾಬಿನಿಂದ ಹೊರಗೆ ತಳ್ಳಿಸಿಕೊಂಡ ಮೇಲೆ ಅವನು ಕಟ್ಟಿಕೊಂಡದ್ದೆಲ್ಲ ಈ ಒಂದು ಹೆಸರು.

"ಇಲ್ಲ. ಕೈತಪ್ಪಲ್ಲ. ಗೊತ್ತಿದ್ದೇ ಬರೆದೆ."

ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. ಹೆಂಡತಿ ಮೇಜು ನೋಡುತ್ತಿದ್ದವಳು ಹಾಗೆಯೇ ನೋಡುತ್ತಿದ್ದಳು. ಆಮೇಲೆ ಅವನು ಅದಕ್ಕೆ ಸತ್ಯ ಎಂದು ಹೆಸರಿಟ್ಟುಕೊಂಡ, ಬೇಕಾದವರಿಗೆಲ್ಲ ಹಾಗೆಯೇ ಹೇಳಿದ. ಆದರೆ ಆ ಗಳಿಗೆಯಲ್ಲಿ ಅವನ ನಾಲಿಗೆ ಹೊರಳಿಸಿದ್ದು ಸತ್ಯವಲ್ಲ, ಮಾನ. ಗೊತ್ತಿಲ್ಲದವನು ಎನಿಸಿಕೊಳ್ಳುವ ಬದಲು ಹೆಂಡತಿಯನ್ನು ಮುಳುಗಿಸುವುದು ಅವನಿಗೆ ಸುಲಭವಾಯಿತು.

ತಿದ್ದುಪಡಿ ತಿರಸ್ಕೃತವಾಯಿತು. ಕಂಪನಿ ಬೆಳೆಯಿತು, ಡಬ್ಬಿ ಊರೂರಿಗೆ ಹೋಯಿತು. ಸಂಸ್ಥೆಯವರು ಅವಳ ಹುದ್ದೆಗೆ ಆಗಲೇ ಬೇರೆಯವರನ್ನು ತೆಗೆದುಕೊಂಡಿದ್ದರು. ಅವಳ ವಯಸ್ಸಿಗೆ, ಅವಳ ವಿಷಯಕ್ಕೆ ಹೊಸ ಕೆಲಸ ಎಲ್ಲಿ ಸಿಗಬೇಕು? ಕೊನೆಗೆ ಕೆಲಸ ಕೊಟ್ಟದ್ದು ಅದೇ ಕಂಪನಿ, ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ. ಬೇಡ ಎನ್ನುತ್ತಾಳೆ ಎಂದು ಅವನು ಕಾದ. ಅವಳು ಹೋಗಿ ಸೇರಿದಳು. ಬಾಯ್ಲರಿನಿಂದ ಇಳಿಯುವ ಪ್ರತಿ ಬ್ಯಾಚಿನಿಂದ ಒಂದು ಚಮಚ ತೆಗೆದು, ನಾಲ್ಕನೆಯ ವಸ್ತು ಅದರಲ್ಲಿ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಸಹಿ ಹಾಕುವುದು ಅವಳ ಕೆಲಸ.

ಮನೆಯಲ್ಲಿ ಜಗಳವಿರಲಿಲ್ಲ. ಹಾಲು ಬಂತಾ, ನಲ್ಲಿ ಸೋರುತ್ತಿದೆ, ಕೀಲಿ ಎಲ್ಲಿ, ಇಷ್ಟೇ ಮಾತು. ಅವನಿಗೆ ಜಗಳವಾದರೂ ಆಗಬಾರದೇ ಎನಿಸುತ್ತಿತ್ತು. ಮಾತಿಲ್ಲದ ಮನೆಯಲ್ಲಿ ತ್ಯಾಗಿಯಾಗಿ ಬದುಕುವುದು ಬಲು ಬೇಸರದ ಕೆಲಸ, ತ್ಯಾಗ ಯಾರಿಗೂ ಗೊತ್ತಿಲ್ಲದಿದ್ದರಂತೂ ಇನ್ನೂ ಬೇಸರ. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ಬಾಗಿಲ ಬಳಿ ಷೂ ಹಾಕಿಕೊಳ್ಳುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ.

"ಆ ಭಾನುವಾರ 'ಮಾತ್ರ' ಅಂತ ಬರೆಸಿದ್ದು ನೀನು. ನಾನು ಬೇಡ ಅಂದಿದ್ದೆ. ಇಷ್ಟು ದಿನ ನಾನು ಅದನ್ನ ಯಾರ ಹತ್ರನೂ ಹೇಳಿಲ್ಲ. ವಿಚಾರಣೇಲೂ ಹೇಳ್ಲಿಲ್ಲ. ನಿಂಗೆ ನೆನಪಾದ್ರೂ ಇದೆಯಾ?"

ಅವಳು ಲೇಸು ಕಟ್ಟಿ ಮುಗಿಸಿದಳು. ಇನ್ನೊಂದು ಕಾಲಿನದನ್ನೂ ಕಟ್ಟಿದಳು. ಆಮೇಲೆ ಗೋಡೆ ಹಿಡಿದು ಎದ್ದು ನಿಂತು ಅವನ ಮುಖ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಮರೆಯೋದು ಹೇಗೆ? ನಾನೇ ಹಟ ಮಾಡಿದ್ದು. ಹೇಳಬಾರದ ಮಾತೂ ಒಂದು ಹೇಳ್ದೆ. ಆದ್ರೆ ನಂಗೆ ಅವತ್ತು ಬೇಕಾಗಿದ್ದು ಏಜೆಂಟು. ಆಗಲ್ಲ, ಸುಮ್ನಿರಮ್ಮ ಅಂತ ಗದರಿಸೋನು. ಅವತ್ತು ಗಂಡನಾಗಿ ಬಂದು ಕೂತ್ರಿ, ಮುಖ ಊದಿಸ್ಕೊಂಡು ಬರ್ದ್ರಿ. ವಿಚಾರಣೆ ಕೋಣೇಲಿ ನಂಗೆ ಬೇಕಾಗಿದ್ದು ಗಂಡ. ಅಲ್ಲಿಗೆ ಏಜೆಂಟಾಗಿ ಬಂದ್ರಿ."

ಕೆಳಗೆ ಕಂಪನಿಯ ವ್ಯಾನು ಹಾರ್ನ್ ಮಾಡಿತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು ಹೋದಳು. ಅವನು ಬಾಗಿಲಿನ ಮುಂದೆ ನಿಂತೇ ಇದ್ದ.